ಸಮಾಧಿಯ ಚಿತ್ರ, ಸಂತೆಯ ದುಡಿಮೆ



ಯೇಸುಸ್ವಾಮಿಯ ದೇಹವನ್ನು ಸಮಾಧಿಗೆ ಇಡುವ ಈ ಚಿತ್ರ ನೋಡಿ. ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ ಅವರು 1512ರಲ್ಲಿ ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಮಾಡಿದ್ದು. ಗೆರೆಗಳಿಗೆ ಮಸಿ ತುಂಬಿ ಕಾಗದ ಒತ್ತಿದರೆ ಚಿತ್ರ ಮೂಡುತ್ತದೆ. ಒಂದೇ ತಗಡಿನಿಂದ ಹಲವಾರು ಪ್ರತಿ. ಹೀಗೆ ಇಂಥ ಚಿತ್ರಗಳು ಚರ್ಚಿನ ಗೋಡೆ ದಾಟಿ ಮನೆಗಳಿಗೂ ಬಂದವು.

ಮಾರಿದವರು ಯಾರು? 1505-06ರಲ್ಲಿ ಡ್ಯೂರರ್ ವೆನಿಸ್‌ನಲ್ಲಿದ್ದಾಗ ಹೆಂಡತಿ ಆಗ್ನೆಸ್ ಅವರ ಚಿತ್ರಗಳನ್ನು ಫ್ರಾಂಕ್‌ಫರ್ಟಿನ ಜಾತ್ರೆಗೆ ಒಯ್ದರು. ಊರಿನ ಜಾತ್ರೆಯಲ್ಲಿ ತಾಯಿ ಬಾರ್ಬರಾ ಮಾರಲಿ ಎಂದು ಅವರು ಪತ್ರ ಬರೆದರು. ಆದರೆ ಚಿತ್ರದಲ್ಲಿರೋದು ಡ್ಯೂರರ್ ಹೆಸರಿನ ಅಕ್ಷರ ಮಾತ್ರ!

ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ? ಸಂತೆಗೆ ಹೊತ್ತು ಮಾರುವವರು ನಾವು, ಹೆಸರು ಬೇರೆಯವರದು. ಮುಂದಿನ ವಾರದ ಸಭೆಯಲ್ಲಿ ನಮ್ಮ ದುಡಿಮೆಯನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯೋಣ. ದೇವರು ಒಳ್ಳೇದು ಮಾಡಲಿ.