ಹುಲ್ಲುಗಾವಲು ಕೊಟ್ಟವರ ಮಕ್ಕಳು ಅರ್ಜಿ ಹಾಕಲಿ

(ಚಳ್ಳಕೆರೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಾನು ಆರ್ಟ್ಸ್ ಓದಿದವನು, ಪದ್ಯ ಬರೆಯುವವನು. ವಿಜ್ಞಾನದ ಪಾಠ ಹೇಳೋಕೆ ಬಂದಿಲ್ಲ. ಒಂದು ಅರ್ಜಿಯ ವಿಷಯ ಮಾತಾಡೋಕೆ ಬಂದಿದೀನಿ.

ಕುದಾಪುರ ನಿಮಗೆಲ್ಲ ಗೊತ್ತು. ಅಮೃತಮಹಲ್ ಕಾವಲು. ನಮ್ಮ ಜನ ಕುರಿ, ದನ ಮೇಯಿಸಿದ ಹುಲ್ಲು. 2009ರಿಂದೀಚೆಗೆ ಈ ತಾಲ್ಲೂಕಿನ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನದ ಹೆಸರಿಗೆ ಹೋಯಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟು, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಅದಕ್ಕೇ 1500 ಎಕರೆ. ಡಿಆರ್‌ಡಿಓ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರದ ಪಾಲು ಬೇರೆ. ಗೋಡೆ ಎದ್ದಿತು. ಜನ ಎದುರು ನಿಂತರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಚಂದ್ರನ ಮೇಲೆ ಇಳಿಯುವ ಅಭ್ಯಾಸಕ್ಕೆ ಇಸ್ರೋ ನಮ್ಮ ಉಳ್ಳಾರ್ತಿ ಕಾವಲಿನಲ್ಲೇ ಚಂದ್ರನ ಕುಳಿಗಳಂಥ ಗುಂಡಿ ತೋಡಿಸಿತು. 2023ರ ಆಗಸ್ಟ್ 23ಕ್ಕೆ ಚಂದ್ರಯಾನ ಇಳಿದಾಗ ದೇಶವೆಲ್ಲ ಚಪ್ಪಾಳೆ ಹೊಡೆಯಿತು.

ಹುಲ್ಲು ಕಳಕೊಂಡವರ ಮಕ್ಕಳು ಆ ಗೋಡೆಯೊಳಗೆ ಹೇಗೆ ಹೋಗಬೇಕು? ಗಾರೆ ಕೆಲಸಕ್ಕಾ? ಗೇಟು ಕಾಯೋಕಾ? ಆ ಕೆಲಸ ಕೀಳಲ್ಲ. ಆದರೆ ಅದೊಂದೇ ಬಾಗಿಲು ಅಂತ ನಂಬಿಬಿಟ್ಟರೆ ಇನ್ನೊಂದು ಗೋಡೆಯನ್ನ ನಾವೇ ಕಟ್ಟಿಕೊಂಡ ಹಾಗೆ.

ಬೇರೆ ಬಾಗಿಲಿದೆ. ಅದರ ಹೆಸರು ಜಾಮ್. ಐಐಟಿಗಳ ಎಂ.ಎಸ್ಸಿ.ಗೆ ಇದೇ ಪರೀಕ್ಷೆ. ಟಾಟಾ ಇನ್‌ಸ್ಟಿಟ್ಯೂಟೂ ಇದರ ಅಂಕ ನೋಡುತ್ತೆ. ಕೊನೆ ವರ್ಷದ ಬಿ.ಎಸ್ಸಿ.ಯಲ್ಲಿ ಇರುವಾಗಲೇ ಬರೆಯಬಹುದು. ಅರ್ಜಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ, ಪರೀಕ್ಷೆ ಫೆಬ್ರವರಿಯಲ್ಲಿ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಎಸ್‌ಸಿ, ಎಸ್‌ಟಿಯವರಿಗೆ, ಹೆಣ್ಣುಮಕ್ಕಳಿಗೆ ಶುಲ್ಕ ಅರ್ಧ. ಕೇಂದ್ರದ 2006ರ ಕಾನೂನಿನ ಪ್ರಕಾರ ಸೀಟುಗಳಲ್ಲಿ ನೂರಕ್ಕೆ 15 ಎಸ್‌ಸಿಗೆ, ಏಳೂವರೆ ಎಸ್‌ಟಿಗೆ. ಇದು ಯಾರ ಭಿಕ್ಷೆಯೂ ಅಲ್ಲ. ಜಾತಿ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿ ಬೇಕು, ಈಗಲೇ ತಾಲ್ಲೂಕು ಕಚೇರಿಗೆ ಅಲೆಯೋಕೆ ಶುರುಮಾಡಿ. ಕೊನೇ ದಿನ ಸರ್ವರ್ ಕೈಕೊಟ್ಟರೆ ಯಾರೂ ಕೇಳಲ್ಲ.

ಇಂಗ್ಲಿಷ್ ಬರಲ್ಲ ಅಂತೀರ. ಪ್ರಶ್ನೆಪತ್ರಿಕೆ ಇಂಗ್ಲಿಷಲ್ಲೇ ಇರುತ್ತೆ, ನಿಜ. ಆದರೆ ಪ್ರಬಂಧ ಬರೆಸೋದಿಲ್ಲ. ಉತ್ತರ ಆರಿಸಬೇಕು, ಇಲ್ಲ ಅಂಕಿ ತುಂಬಬೇಕು. ಹಳೇ ಪ್ರಶ್ನೆಪತ್ರಿಕೆ ಪುಕ್ಕಟೆ ಸಿಗ್ತವೆ. ರಾತ್ರಿ ಊಟ ಆದಮೇಲೆ ನಾಲ್ಕು ಜನ ಒಟ್ಟಿಗೆ ಕೂತು ಬಿಡಿಸಿ.

ಮೇಘನಾದ ಸಹಾ ಕೂಡ ಹಾಸ್ಟೆಲ್ ಹುಡುಗನೇ. ಕಲ್ಕತ್ತದ ಈಡನ್ ಹಿಂದೂ ಹಾಸ್ಟೆಲಿನಲ್ಲಿ ಮೇಲ್ಜಾತಿಯವರು ಅವರನ್ನು ಜೊತೆಯಲ್ಲಿ ಊಟಕ್ಕೆ ಕೂರಿಸಲಿಲ್ಲ. ನಕ್ಷತ್ರದ ಬೆಳಕು ನೋಡಿ ಅದರ ಶಾಖ ತಿಳಿಯುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ಅವರೇ. ನಕ್ಷತ್ರ ಅವರ ಜಾತಿ ಕೇಳಲಿಲ್ಲ.

ಒಳಗೆ ಹೋದ ಕೂಡಲೇ ಎಲ್ಲ ಸರಿಹೋಗುತ್ತೆ ಅಂತ ನಾನು ಸುಳ್ಳು ಹೇಳಲಾರೆ. ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲನಿಗೆ ವಿಜ್ಞಾನ ಲೇಖಕನಾಗುವ ಆಸೆ ಇತ್ತು. 2016ರ ಜನವರಿ 17ರಂದು ಅವನನ್ನು ಕಳಕೊಂಡೆವು. ಅದಕ್ಕೇ ಹೇಳ್ತೀನಿ, ಒಬ್ಬೊಬ್ಬರೇ ಹೋಗಬೇಡಿ. ಮೊದಲು ಹೋದವರು ಹಿಂದೆ ಬರುವವರ ಅರ್ಜಿ ತುಂಬಿಸಿ. ಅಲ್ಲಿ ಹೋದ ದಿನವೇ ನಮ್ಮವರನ್ನು ಹುಡುಕಿಕೊಳ್ಳಿ.

ಈ ಹಾಸ್ಟೆಲಿನಲ್ಲಿ ಬಿ.ಎಸ್ಸಿ. ಓದುತ್ತಿರುವವರ ಪಟ್ಟಿ ಇವತ್ತೇ ಮಾಡೋಣ. ಯಾರ ಹೆಸರೂ ಬಿಟ್ಟುಹೋಗಬಾರದು.

ಜೈ ಭೀಮ್.