ಎಲ್ಲರೂ ಬರೆಯುವ ಪುಟ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡಿನ ಇತಿಹಾಸವನ್ನೋ ಸಾಹಿತ್ಯದ ಹಿರಿಮೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸಕ್ಕೆ ತಕ್ಕ ವಿದ್ವಾಂಸರು ಈ ಸಭೆಯಲ್ಲಿಯೇ ಇರುವರು. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದುದರಿಂದ ನನ್ನ ಅಳವಿಗೆ ನಿಲುಕುವ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ಓದುವವರೇ ಬರೆಯುವ, ಒಬ್ಬರು ಬರೆದುದನ್ನು ಮತ್ತೊಬ್ಬರು ತಿದ್ದುವ ಜಾಲತಾಣಗಳುಂಟಷ್ಟೆ. ಅವುಗಳ ಪುಟವನ್ನು ಹೇಗೆ ಏರ್ಪಡಿಸಬೇಕು, ಯಾವ ಗುಂಡಿ ಎಲ್ಲಿರಬೇಕು, ಅದರ ಮೇಲೆ ಯಾವ ಮಾತು ಬರೆದಿರಬೇಕು ಎಂಬುದೇ ಆ ವಿಷಯ. ಇದು ಯಂತ್ರ ಬಲ್ಲವರ ಚಿಂತೆ, ನಮಗೇಕೆ ಎಂದು ತಮಗೆ ತೋರಬಹುದು. ಆದರೆ ಕನ್ನಡವನ್ನು ಚೆನ್ನಾಗಿ ಆಡಬಲ್ಲ, ಆದರೆ ಬರೆಯಲು ಅಂಜುವ ಮಕ್ಕಳು ಈ ಮುಂಬಯಿಯಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಇರುವರು. ಬರೆಯುವವರ ಅಂಜಿಕೆಯನ್ನು ಪುಟದ ಏರ್ಪಾಟು ಕಳೆಯಬಲ್ಲುದೇ ಎಂಬ ಪ್ರಶ್ನೆ ನಮ್ಮ ಪ್ರಶ್ನೆಯೂ ಹೌದು.

ಇಂಥ ಪುಟ ಹುಟ್ಟಿದ ಕಥೆಯನ್ನು ಮೊದಲು ಅರಿಕೆ ಮಾಡುತ್ತೇನೆ. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು ೧೯೯೫ನೆಯ ಮಾರ್ಚ್ ೨೫ರಂದು ಇಂಥ ಮೊದಲ ಜಾಲತಾಣವನ್ನು ತೆರೆದರು. ತಂತ್ರಾಂಶ ಬರೆಯುವವರು ತಮ್ಮ ಅನುಭವವನ್ನು ಒಬ್ಬರಿಗೊಬ್ಬರು ತಿಳಿಸಲೆಂದು ಏರ್ಪಟ್ಟ ತಾಣ ಅದು. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಒಯ್ಯುವ ಬಸ್ಸಿಗೆ 'ವಿಕಿ ವಿಕಿ' ಎಂದು ಹೆಸರು. ಹವಾಯಿ ಭಾಷೆಯಲ್ಲಿ ಅದಕ್ಕೆ 'ಬೇಗ ಬೇಗ' ಎಂದರ್ಥ. ಆ ಹೆಸರನ್ನೇ ಅವರು ತಮ್ಮ ತಾಣಕ್ಕೆ ಇಟ್ಟರು. ಪುಟವನ್ನು ತಿದ್ದಲು ಯಾರ ಅಪ್ಪಣೆಯೂ ಬೇಡ, ಯಾವ ಅರ್ಜಿಯೂ ಬೇಡ. ಪುಟದ ಕೆಳಗೆ ಒಂದು ಕೊಂಡಿ, ಅದನ್ನು ಒತ್ತಿದರೆ ಬರೆಯುವ ಜಾಗ. ಇಷ್ಟೇ ಅದರ ಹೊಸತನ.

ಇಷ್ಟು ಸಣ್ಣ ಏರ್ಪಾಟಿನಿಂದ ಎಷ್ಟು ದೊಡ್ಡ ವ್ಯತ್ಯಾಸವಾಗುವುದೆಂಬುದಕ್ಕೆ ಒಂದು ನಿದರ್ಶನವುಂಟು. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬವರು ೨೦೦೦ದಲ್ಲಿ 'ನ್ಯೂಪೀಡಿಯ' ಎಂಬ ವಿಶ್ವಕೋಶವನ್ನು ಕೈಗೊಂಡರು. ಬರೆಯುವವರು ಪರಿಣತರೇ ಆಗಿರಬೇಕು. ಲೇಖನವು ಏಳು ಹಂತದ ಪರಿಶೀಲನೆಯನ್ನು ದಾಟಬೇಕು. ಮೊದಲ ವರ್ಷದಲ್ಲಿ ಮುಗಿದ ಲೇಖನಗಳು ಸುಮಾರು ೨೦ ಮಾತ್ರ. ಅದೇ ಜನ ೨೦೦೧ನೆಯ ಜನವರಿ ೧೫ರಂದು ಕನಿಂಗ್‌ಹ್ಯಾಮರ ಪದ್ಧತಿಯಲ್ಲಿ ವಿಕಿಪೀಡಿಯವನ್ನು ಆರಂಭಿಸಿದರು. ವರ್ಷ ತುಂಬುವ ವೇಳೆಗೆ ಲೇಖನಗಳು ೨೦,೦೦೦ದ ಸಮೀಪಕ್ಕೆ ಬಂದುವು. ಆರಂಭಿಸಿದವರೂ ಅವರೇ, ಉದ್ದೇಶವೂ ಅದೇ; ಬದಲಾದುದು ಬಾಗಿಲು. ಕನ್ನಡ ವಿಕಿಪೀಡಿಯ ೨೦೦೩ರ ಜೂನ್ ತಿಂಗಳಲ್ಲಿ ತೊಡಗಿತು. ಅದರಲ್ಲಿ ಈಗ ೩೦,೦೦೦ಕ್ಕೂ ಮೀರಿ ಲೇಖನಗಳಿವೆ.

ಇನ್ನು ಅಂಜಿಕೆಯ ವಿಚಾರ. ಬಾಗಿಲು ತೆರೆದಿದ್ದರೂ ಒಳಗೆ ಬರಲು ಹಿಂಜರಿಯುವವರೇ ಬಹಳ. 'ನಾನು ತಪ್ಪು ಬರೆದರೇನು ಗತಿ? ಇದ್ದುದೂ ಕೆಟ್ಟರೆ?' ಎಂಬುದು ಅವರ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಬ್ಯಾಂಕಿನ ಲೆಜರಿನಲ್ಲಿಯೇ ಇದೆ. ಕೈಬರಹದ ಲೆಜರಿನಲ್ಲಿ ತಪ್ಪು ಅಂಕಿಯನ್ನು ಉಜ್ಜಿ ಅಳಿಸಬಾರದು. ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ಚಿಕ್ಕ ಸಹಿ ಹಾಕಬೇಕು. ಹಳೆಯದೂ ಕಾಣುತ್ತದೆ, ಹೊಸದೂ ಕಾಣುತ್ತದೆ, ತಿದ್ದಿದವರು ಯಾರೆಂಬುದೂ ಕಾಣುತ್ತದೆ. ವಿಕಿಪೀಡಿಯದ ಪುಟಕ್ಕೆ ಅಂಟಿಕೊಂಡಿರುವ 'ಇತಿಹಾಸ' ಎಂಬ ಪುಟವು ಇಂಥದೇ ಲೆಜರು. ಯಾವ ಘಳಿಗೆಯಲ್ಲಿ ಯಾವ ಮಾತು ಬದಲಾಯಿತು ಎಂಬುದು ಅಲ್ಲಿ ಸಾಲಾಗಿ ನಿಂತಿದೆ. ಲೆಜರಿನ 'ವಿವರ'ದ ಅಂಕಣದಂತೆ, ಏಕೆ ತಿದ್ದಿದೆನೆಂದು ಒಂದು ಸಾಲು ಬರೆಯಲು ಸ್ಥಳವೂ ಉಂಟು. ಒಬ್ಬರು ಕೆಡಿಸಿದುದನ್ನು ಇನ್ನೊಬ್ಬರು ಒಂದು ಗುಂಡಿ ಒತ್ತಿ ಹಿಂದಿನ ಸ್ಥಿತಿಗೆ ತರಬಹುದು.

ಇಬ್ಬರು ಏಕಕಾಲದಲ್ಲಿ ಒಂದೇ ಸಾಲನ್ನು ತಿದ್ದಿದರೆ, ಎರಡನೆಯವರ ಬರಹವನ್ನು ಸದ್ದಿಲ್ಲದೆ ನುಂಗಿಬಿಡದೆ, ಎರಡನ್ನೂ ಮುಂದಿಟ್ಟು 'ಹೊಂದಿಸಿರಿ' ಎಂದು ಕೇಳುವ ಏರ್ಪಾಟೂ ಇದೆ. ಹೊಸಬರು ಕೈ ಪಳಗಿಸಿಕೊಳ್ಳಲು 'ಪ್ರಯೋಗಪುಟ'ವೂ ಇದೆ. ಮರಳಿನ ಮೇಲೆ ಅಕ್ಷರ ತೀಡಿದಂತೆ ಅಲ್ಲಿ ಬರೆದು ಅಳಿಸಬಹುದು.

ಆದರೆ ಇವೆಲ್ಲ ಇದ್ದು ಪ್ರಯೋಜನವೇನು? ಹೊಸಬರ ಕಣ್ಣಿಗೆ ಬೀಳಬೇಕಲ್ಲವೆ? ತಪ್ಪಿಗೆ ಪರಿಹಾರವಿದೆ ಎಂಬುದು ಹಳಬರಿಗೆ ಮಾತ್ರ ಗೊತ್ತಿದ್ದರೆ ಹೊಸಬರ ಅಂಜಿಕೆ ಹಾಗೆಯೇ ಉಳಿಯುವುದು. ಪುಟವನ್ನು ಏರ್ಪಡಿಸುವವರ ಮೊದಲ ಕರ್ತವ್ಯ ಇದು: ಬರೆಯುವ ಗುಂಡಿಯ ಮಗ್ಗುಲಲ್ಲಿಯೇ 'ಇದನ್ನು ಮತ್ತೆ ಸರಿಪಡಿಸಬಹುದು' ಎಂಬ ಧೈರ್ಯವೂ ಕಾಣಬೇಕು.

ಎರಡನೆಯದು ಚಿಹ್ನೆಗಳ ತೊಡಕು. ಕನಿಂಗ್‌ಹ್ಯಾಮರ ತಾಣದಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕಬೇಕಾದರೆ ಎರಡು ಇಂಗ್ಲಿಷ್ ಪದಗಳನ್ನು ಅಂಟಿಸಿ, ಎರಡರ ಮೊದಲ ಅಕ್ಷರವನ್ನೂ ದೊಡ್ಡದಾಗಿ ಬರೆಯಬೇಕಾಗಿತ್ತು. ಮೊದಮೊದಲು ವಿಕಿಪೀಡಿಯದಲ್ಲಿಯೂ ಹೀಗೆಯೇ ಇತ್ತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ! ಆ ನಿಯಮವೇ ನಿಂತಿದ್ದರೆ ಕನ್ನಡದಲ್ಲಿ ಒಂದು ಕೊಂಡಿಯನ್ನೂ ಹಾಕುವಂತಿರಲಿಲ್ಲ. ೨೦೦೧ರಲ್ಲಿಯೇ ಜೋಡಿ ಚೌಕ ಆವರಣಗಳ ಪದ್ಧತಿ ಬಂದು ಈ ತೊಡಕು ನೀಗಿತು. ಒಂದು ಭಾಷೆಯವರು ಸಹಜವೆಂದು ಮಾಡಿಕೊಂಡ ಅನುಕೂಲವು ಇನ್ನೊಂದು ಭಾಷೆಗೆ ಗೋಡೆಯಾಗುವುದು ಹೀಗೆ.

ಕ್ರಮೇಣ ಚಿಹ್ನೆಗಳು ಬೆಳೆದುವು. ಓರೆ ಅಕ್ಷರಕ್ಕೆ ಒಂದು ಗುರುತು, ದಪ್ಪ ಅಕ್ಷರಕ್ಕೆ ಮತ್ತೊಂದು, ತಲೆಬರಹಕ್ಕೆ ಸಮಚಿಹ್ನೆ, ಕೋಷ್ಟಕಕ್ಕೆ ಅಡ್ಡಗೆರೆ ಉದ್ದಗೆರೆಗಳ ಸಾಲು. ಸ್ಟ್ಯಾಂಟನ್ ಪ್ರತಿಷ್ಠಾನವು ಈ ಕಷ್ಟವನ್ನು ನಿವಾರಿಸಲು ೮,೯೦,೦೦೦ ಡಾಲರುಗಳ ನೆರವು ನೀಡಿತು. ೨೦೦೯ರಲ್ಲಿ, ಬರೆದು ಅಭ್ಯಾಸವಿಲ್ಲದ ಓದುಗರನ್ನು ಕರೆದು ಪುಟದ ಮುಂದೆ ಕೂರಿಸಿ, ಅವರು ಎಲ್ಲಿ ತಡವರಿಸುವರೆಂದು ನೋಡಿದರು. ತಿದ್ದುವ ಪುಟ ತೆರೆದೊಡನೆ ಚಿಹ್ನೆಗಳ ಕಾಡು ಕಂಡು ಜನ ಗಾಬರಿಗೊಂಡರು. ೨೦೧೦ರಲ್ಲಿ ಪುಟದ ರೂಪವನ್ನು ಬದಲಾಯಿಸಿದರು. ಓದುವ ಗುಂಡಿ, ತಿದ್ದುವ ಗುಂಡಿ, ಇತಿಹಾಸದ ಗುಂಡಿ ಮೇಲ್ಭಾಗದಲ್ಲಿ ಒಟ್ಟಿಗೆ ಬಂದುವು.

ಬಳಿಕ ೨೦೧೩ರಲ್ಲಿ ನಡೆದುದು ಗಮನಾರ್ಹ. ಚಿಹ್ನೆಗಳೇ ಕಾಣದಂತೆ, ಪತ್ರ ಬರೆದಷ್ಟು ಸುಲಭವಾಗಿ ತಿದ್ದುವ ಹೊಸ ಸಾಧನವನ್ನು ಆ ಜುಲೈಯಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಲ್ಲರ ಮುಂದಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಅದು ನಿಧಾನವಾಗಿತ್ತು, ಕೆಲವು ಪುಟಗಳ ಚಿಹ್ನೆಗಳನ್ನು ಕೆಡಿಸುತ್ತಿತ್ತು. ವರ್ಷಗಟ್ಟಲೆ ಕೂಲಿಯಿಲ್ಲದೆ ದುಡಿದ ಹಳೆಯ ಬರಹಗಾರರು 'ನಮ್ಮನ್ನು ಕೇಳದೆ ನಮ್ಮ ಮನೆಯ ಗೋಡೆ ಒಡೆದಿರಿ' ಎಂಬಂತೆ ಪ್ರತಿಭಟಿಸಿದರು. ಸೆಪ್ಟೆಂಬರಿನಲ್ಲಿ ಅದನ್ನು ಹಿಂದೆಗೆದು, ಬೇಕೆಂದವರಿಗೆ ಮಾತ್ರ ದೊರಕುವಂತೆ ಮಾಡಬೇಕಾಯಿತು. ಮುಂದೆ ದೋಷಗಳನ್ನು ತಿದ್ದಿ, ಹಳೆಯ ರೀತಿ ಹೊಸ ರೀತಿ ಎರಡನ್ನೂ ಬಳಸುವವರ ಇಚ್ಛೆಗೆ ಬಿಟ್ಟರು. ೨೦೨೩ರ ಜನವರಿಯಲ್ಲಿ, ಸಾಲುಗಳು ಓದಲು ಹಿತವಾಗಲೆಂದು ಅವುಗಳ ಅಗಲವನ್ನು ಕುಗ್ಗಿಸಿದಾಗಲೂ ಖಾಲಿ ಜಾಗ ಹೆಚ್ಚಾಯಿತೆಂದು ಗದ್ದಲವೆದ್ದಿತು; ಅಗಲ ಮಾಡಿಕೊಳ್ಳುವ ಗುಂಡಿಯನ್ನೂ ಕೊಡಲಾಯಿತು.

ಇದರಿಂದ ಹಳಬರದೇ ಸರಿ ಎಂದು ತಿಳಿಯಬಾರದು. ಹೊಸಬರಿಗೆ ಸುಲಭವಾಗಬೇಕೆಂಬುದೂ ನ್ಯಾಯವೇ, ಹಳಬರ ಕೈಯ ಅಭ್ಯಾಸ ಕೆಡಬಾರದೆಂಬುದೂ ನ್ಯಾಯವೇ. ಯಾವ ಸಂಘದಲ್ಲಿ ಈ ತಕರಾರಿಲ್ಲ? ಹೊಸಬರಿಗೆ ಒಂದು ದಾರಿ ಮಾಡುವಾಗ ಹಳಬರ ದಾರಿಯನ್ನು ಮುಚ್ಚದಿರುವುದು, ಮತ್ತು ಮೊದಲು ಸಣ್ಣದಾಗಿ ಪರೀಕ್ಷಿಸಿ ಆಮೇಲೆ ಹರಡುವುದು ಉಚಿತ ಮಾರ್ಗ.

ಮೂರನೆಯದು ನಮ್ಮ ಲಿಪಿಯ ಮತ್ತು ನುಡಿಯ ವಿಚಾರ. ಒಂದು ಕಾಲದಲ್ಲಿ ಗಣಕದಲ್ಲಿ ಕನ್ನಡ ಬರೆಯಲು ಬೇರೆ ತಂತ್ರಾಂಶವನ್ನು ತಂದು ಹಾಕಿಕೊಳ್ಳಬೇಕಾಗಿತ್ತು. ಕಚೇರಿಯ ಗಣಕದಲ್ಲಿ ಅದಕ್ಕೆ ಅಪ್ಪಣೆಯಿಲ್ಲ. ಬಾಡಿಗೆಯ ಗಣಕದಲ್ಲಿ ಸೌಕರ್ಯವಿಲ್ಲ. ಈಗ ವಿಕಿಪೀಡಿಯದ ಬರೆಯುವ ಚೌಕದಲ್ಲಿಯೇ ಕೀಲಿಮಣೆಯನ್ನು ಆರಿಸಿಕೊಳ್ಳಬಹುದು: ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಬಗೆಯೊಂದು, ಸರಕಾರದ ಇನ್‌ಸ್ಕ್ರಿಪ್ಟ್ ಒಂದು, ಕನ್ನಡ ಗಣಕ ಪರಿಷತ್ತಿನ ಬಗೆ ಇನ್ನೊಂದು. ಹಾಗಿದ್ದೂ ಹೊಸಬರಿಗೆ ಒಂದು ಸೋಜಿಗ ಉಳಿದೇ ಇದೆ. 'ಕ್ಷ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಗಣಕಕ್ಕೆ ಅದು ಕಕಾರ, ಹಲಂತಚಿಹ್ನೆ, ಷಕಾರ ಎಂಬ ಮೂರು. ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ಪೂರ್ತಿ ಅಕ್ಷರ ಹೋಗದೆ ಅರ್ಧ ಉಳಿಯುವುದು. ಇದನ್ನು ಬಲ್ಲವರು ಪುಟವನ್ನು ರೂಪಿಸುವ ಕಡೆ ಇರಬೇಕಾದುದು ಅವಶ್ಯ.

ಗುಂಡಿಗಳ ಮೇಲಣ ಮಾತುಗಳನ್ನೂ ಗಮನಿಸಿರಿ. ಕನ್ನಡ ವಿಕಿಪೀಡಿಯದಲ್ಲಿ ತಿದ್ದುವ ಗುಂಡಿಯ ಮೇಲೆ 'ಸಂಪಾದಿಸಿ' ಎಂದಿದೆ. ಪತ್ರಿಕೆಯ ಸಂಪಾದಕರನ್ನು ಬಲ್ಲವರಿಗೆ ಅರ್ಥ ಸ್ಪಷ್ಟ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ 'ಸಂಪಾದಿಸು' ಎಂದೊಡನೆ ನೆನಪಾಗುವುದು ಹಣವೇ! 'ತಿದ್ದಿ' ಎಂದಿದ್ದರೆ ನಮ್ಮ ಅಜ್ಜಿಗೂ ತಿಳಿಯುವುದಲ್ಲವೆ? ಇದು ದೂರಲ್ಲ. ಏಕೆಂದರೆ ಈ ಮಾತುಗಳನ್ನು ಯಾವ ಕಂಪನಿಯೂ ಹೇರಿಲ್ಲ. ಫಿನ್ಲೆಂಡಿನ ನಿಕ್ಲಾಸ್ ಲಾಕ್ಸ್‌ಟ್ರೋಮ್ ಎಂಬವರು ಆರಂಭಿಸಿದ 'ಟ್ರಾನ್ಸ್‌ಲೇಟ್‌ವಿಕಿ' ಎಂಬ ತಾಣದಲ್ಲಿ, ಗುಂಡಿಗಳ ಮಾತುಗಳನ್ನು ಕೂಡ ಸ್ವಯಂಸೇವಕರೇ ತಮ್ಮ ತಮ್ಮ ಭಾಷೆಗೆ ತರುತ್ತಾರೆ. ಎಂದರೆ ಮನೆಯನ್ನಷ್ಟೆ ಅಲ್ಲ, ಮನೆಯ ಬಾಗಿಲನ್ನೂ ನಾವೇ ತಿದ್ದಬಹುದು. ನಾವು ಹೋಗದಿದ್ದರೆ ಅಲ್ಲಿ ಇಂಗ್ಲಿಷೇ ಉಳಿಯುವುದು.

ನಾಲ್ಕನೆಯದು ಮಾತುಕತೆಯ ಸ್ಥಳ. ಪ್ರತಿ ಲೇಖನಕ್ಕೂ 'ಚರ್ಚೆ' ಎಂಬ ಪುಟವುಂಟು. ಮೊದಲು ಅಲ್ಲಿ ಉತ್ತರ ಕೊಡಬೇಕಾದರೆ ಸಾಲಿನ ಮೊದಲು ವಿವರಣ ಚಿಹ್ನೆಗಳನ್ನು ಎಣಿಸಿ ಹಾಕಿ, ಕೊನೆಯಲ್ಲಿ ಅಲೆಯಂಥ ನಾಲ್ಕು ಗೆರೆಗಳನ್ನು ಎಳೆದು ಸಹಿ ಮಾಡಬೇಕಾಗಿತ್ತು. ತಿಳಿಯದವರು ಮೂಕರಾಗಿಯೇ ಹಿಂದಿರುಗುತ್ತಿದ್ದರು. ೨೦೨೦ರ ಈಚೆಗೆ 'ಉತ್ತರಿಸಿ' ಎಂಬ ಸರಳ ಗುಂಡಿ ಬಂದು, ಸಹಿ ತಾನಾಗಿ ಬೀಳುತ್ತದೆ. ಇದು ದೊಡ್ಡ ಉಪಕಾರ. ಹೊಸಬರ ಬರಹವನ್ನು ಹಳಬರು ತೆಗೆದುಹಾಕಿದಾಗ 'ಏಕೆ?' ಎಂದು ಕೇಳಲು ದಾರಿಯಿಲ್ಲದಿದ್ದರೆ ಅವರು ಇನ್ನೊಮ್ಮೆ ಬರುವುದಿಲ್ಲ.

ಬಾಗಿಲು ಇಷ್ಟು ಅಗಲವಾದರೆ ಕಿಡಿಗೇಡಿಗಳೂ ಬರುವರಲ್ಲ ಎಂದು ಕೇಳಬಹುದು. ಬರುವರು. ಒಬ್ಬ ಗಣ್ಯರ ಮೇಲೆ ಸುಳ್ಳು ಆರೋಪ ಬರೆದ ಪ್ರಕರಣದ ತರುವಾಯ, ೨೦೦೫ರ ಡಿಸೆಂಬರಿನಿಂದ ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆಯಿಲ್ಲದವರು ಹೊಸ ಲೇಖನ ತೆರೆಯುವಂತಿಲ್ಲ. ಇದ್ದ ಲೇಖನವನ್ನು ತಿದ್ದಲು ಮಾತ್ರ ಅಡ್ಡಿಯಿಲ್ಲ. ಬ್ಯಾಂಕಿನಲ್ಲಿಯೂ ಹಾಗೆಯೇ: ಹಣ ಕಟ್ಟುವವರಿಗೆ ಕಿಟಕಿ ತೆರೆದಿರುತ್ತದೆ, ತಿಜೋರಿಗೆ ಎರಡು ಬೀಗದ ಕೈ. ಎಲ್ಲ ಬಾಗಿಲಿಗೂ ಒಂದೇ ಬೀಗ ಹಾಕುವುದು ಏರ್ಪಾಟಲ್ಲ. ಯಾವುದು ಕೆಟ್ಟರೆ ಸುಲಭವಾಗಿ ಸರಿಹೋಗುವುದೋ ಅದನ್ನು ತೆರೆದಿಡಬೇಕು. ಯಾವುದರಿಂದ ಒಬ್ಬರ ಮಾನಕ್ಕೆ ಹಾನಿಯೋ ಅಲ್ಲಿ ಕಾವಲು ಇರಬೇಕು. ತಮಗೆ ಬೇಕಾದ ಲೇಖನಗಳನ್ನು ಗುರುತು ಹಾಕಿಕೊಂಡು, ಬದಲಾದೊಡನೆ ತಿಳಿಯುವ 'ವೀಕ್ಷಣಾ ಪಟ್ಟಿ'ಯ ಅನುಕೂಲವು ಈ ಕಾವಲಿಗೆಂದೇ ಇದೆ.

ಕೊನೆಯದಾಗಿ ನಮ್ಮ ಮಾತು. ಈ ನಗರದಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹಿರಿಯರಿರುವರು. ಆ ಶಾಲೆಗಳ, ನಾಟಕ ಮಂಡಳಿಗಳ, ಸಂಘಗಳ ಸಂಗತಿ ಹಳೆಯ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿ ಕಪಾಟುಗಳಲ್ಲಿ ಕೂತಿದೆ. ವಿಶ್ವಕೋಶಕ್ಕೆ ಬೇಕಾದುದು ಇಂಥ ಅಚ್ಚಾದ ಆಧಾರವೇ. ಹಿರಿಯರಲ್ಲಿ ವಿಷಯವಿದೆ, ಗಣಕದ ಅಭ್ಯಾಸವಿಲ್ಲ. ಮಕ್ಕಳಲ್ಲಿ ಅಭ್ಯಾಸವಿದೆ, ಕನ್ನಡ ಬರೆಯುವ ಧೈರ್ಯವಿಲ್ಲ. ಆದುದರಿಂದ ನನ್ನ ಸೂಚನೆ ಇಷ್ಟೇ: ತಿಂಗಳಿಗೊಂದು ಸಂಜೆ ಸಂಘದ ವಾಚನಾಲಯದಲ್ಲಿ ಇಬ್ಬರೂ ಒಂದು ಮೇಜಿಗೆ ಕೂಡಲಿ. ಹಿರಿಯರು ಹಳೆಯ ಸಂಚಿಕೆಯನ್ನು ತೆರೆದು ಹೇಳಲಿ, ಮಕ್ಕಳು ಬರೆಯಲಿ. ದೀರ್ಘ ಹ್ರಸ್ವವಾದರೆ ಚಿಂತೆಯಿಲ್ಲ. ತಿದ್ದುವ ಗುಂಡಿ ಇದ್ದೇ ಇದೆ. ಬರೆಯುವಾಗ ಎಲ್ಲಿ ತಡವರಿಸಿದರೆಂಬುದನ್ನೂ ಒಂದು ಪುಸ್ತಕದಲ್ಲಿ ಗುರುತು ಹಾಕೋಣ. ಪುಟವನ್ನು ರೂಪಿಸುವವರಿಗೆ ಅದಕ್ಕಿಂತ ಉಪಯುಕ್ತವಾದ ವರದಿ ಬೇರೊಂದಿರಲಾರದು.