ಕುಣಿತದ ನಡೆ, ವಾದ್ಯದ ಮಿತಿ: ಹ್ಯಾಂಡೆಲ್‌ನ ಹಾರ್ನ್‌ಪೈಪ್



ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತವನ್ನು ಬರೋಕ್ ಎಂದು ಗುರುತಿಸುವುದು ರೂಢಿ. ಆ ಕಾಲದ ವಾದ್ಯಮೇಳದ ಕೃತಿಗಳಲ್ಲಿ ನೃತ್ಯದ ಹೆಸರು ಹೊತ್ತ ರಚನೆಗಳು ಹೇರಳವಾಗಿದ್ದರೂ ಅವುಗಳಲ್ಲಿ ಹಲವು ಕುಣಿಯುವುದಕ್ಕಲ್ಲ, ಕೇಳುವುದಕ್ಕೆಂದೇ ಹುಟ್ಟಿದವು. ಇಂಥ ರಚನೆಯ ಲಯ, ವಾದ್ಯವಿನ್ಯಾಸ, ರೂಪಗಳನ್ನು ಬೇರೆಬೇರೆಯಾಗಿ ಪಟ್ಟಿಮಾಡುವುದು ವಿಶ್ಲೇಷಣೆಯ ಆರಂಭ ಮಾತ್ರ. ಒಂದು ಲಕ್ಷಣ ಇನ್ನೊಂದನ್ನು ಹೇಗೆ ನಿರ್ಧರಿಸಿತು ಎಂಬುದನ್ನು ಕಾಣಿಸುವುದೇ ಅದರ ಗುರಿಯಾಗಬೇಕೆಂಬುದು ಈ ವಿಚಾರಸಂಕಿರಣದ ಆಶಯ. ಹ್ಯಾಂಡೆಲ್‌ನ ‘ವಾಟರ್ ಮ್ಯೂಸಿಕ್’ ಕೃತಿಯ ಡಿ ಮೇಜರ್ ಗುಚ್ಛದಲ್ಲಿರುವ ಹಾರ್ನ್‌ಪೈಪ್ ಇದಕ್ಕೆ ತಕ್ಕ ನಿದರ್ಶನ.

ಹಾರ್ನ್‌ಪೈಪ್ ಇಂಗ್ಲೆಂಡಿನ ನೃತ್ಯ. ಜರ್ಮನಿಯ ಹಾಲೆಯಲ್ಲಿ 1685ರಲ್ಲಿ ಹುಟ್ಟಿ ಇಟಲಿಯಲ್ಲಿ ಪಳಗಿದ ಹ್ಯಾಂಡೆಲ್ ಲಂಡನ್ನಿಗೆ ಬರುವ ಮೊದಲೇ ಹೆನ್ರಿ ಪರ್ಸೆಲ್ ಇದನ್ನು ರಂಗಸಂಗೀತದಲ್ಲಿ ಬಳಸಿದ್ದನು. ಇಲ್ಲಿನ ಒಂದು ಆವರ್ತಕ್ಕೆ ಮೂರು ದೀರ್ಘ ಘಾತಗಳು, ಒಂದೊಂದು ಘಾತಕ್ಕೂ ಎರಡು ಬಿಡಿ ಎಣಿಕೆಗಳು. ಈ ಆರು ಎಣಿಕೆಗಳು ಎರಡೆರಡಾಗಿ ಮೂರು ಗುಂಪಾಗುವಂತೆಯೇ ಮೂರುಮೂರಾಗಿ ಎರಡು ಗುಂಪೂ ಆಗಬಲ್ಲವು. ಒತ್ತು ಬೀಳಬೇಕಾದ ಕಡೆ ಬೀಳದೆ ಪಕ್ಕಕ್ಕೆ ಸರಿಯುವ ಸಿಂಕೊಪೇಶನ್ ಇದಕ್ಕೆ ಸೇರಿದಾಗ, ನರ್ತಕರಿಲ್ಲದಿದ್ದರೂ ಹೆಜ್ಜೆಯ ಪುಟಿತ ಸ್ವರಗಳಲ್ಲೇ ಉಳಿಯುತ್ತದೆ.

ಈ ನಡೆಯನ್ನು ಹೊತ್ತ ವಾದ್ಯಗಳ ಮಿತಿಯೂ ಅಷ್ಟೇ ನಿರ್ಣಾಯಕ. ಅಂದಿನ ಟ್ರಂಪೆಟ್ ಮತ್ತು ಹಾರ್ನ್‌ಗಳಿಗೆ ಕವಾಟಗಳಿರಲಿಲ್ಲವಾದ್ದರಿಂದ, ಕೊಳವೆಯ ಉದ್ದಕ್ಕೆ ತಕ್ಕಂತೆ ಸಹಜವಾಗಿ ಹೊಮ್ಮುವ ಅನುಸ್ವರಗಳ ಶ್ರೇಣಿಯಷ್ಟೇ ಅವುಗಳಿಗೆ ದಕ್ಕುತ್ತಿತ್ತು. ಆ ಶ್ರೇಣಿಯ ಕೆಳಭಾಗದಲ್ಲಿ ಸ್ವರಗಳು ದೂರದೂರವಿದ್ದು, ಮೇಲೇರಿದಂತೆ ಒತ್ತೊತ್ತಾಗಿ ರಾಗವನ್ನು ನುಡಿಸಲು ಅನುವಾಗುತ್ತವೆ. ಡಿ ಹಾರ್ನ್‌ನ ಕೊಳವೆ ಡಿ ಟ್ರಂಪೆಟ್‌ನದಕ್ಕಿಂತ ಸುಮಾರು ಇಮ್ಮಡಿ ಉದ್ದವಾಗಿರುವುದರಿಂದ, ಟ್ರಂಪೆಟ್ ನುಡಿಸಿದ ವಾಕ್ಯವನ್ನೇ ಹಾರ್ನ್ ಒಂದು ಸ್ಥಾಯಿ ಕೆಳಗೆ ಮರುನುಡಿಯಬಲ್ಲದು. ಈ ರಚನೆಯ ಪ್ರಸಿದ್ಧ ಪ್ರಶ್ನೋತ್ತರ ಹೀಗೆ ಲೋಹದ ಅಳತೆಯಿಂದಲೇ ಒದಗಿದ್ದು, ಕೊನೆಗೆ ಇಡೀ ಮೇಳ ಒಗ್ಗೂಡಿದಾಗ ಅದಕ್ಕೆ ಸಮಾಧಾನ ದೊರೆಯುತ್ತದೆ.

ರೂಪದ ವಿಚಾರವೂ ಇಲ್ಲಿಗೇ ಬಂದು ನಿಲ್ಲುತ್ತದೆ. ನಡುಭಾಗ ಬಿ ಮೈನರ್‌ಗೆ, ಅಂದರೆ ಡಿ ಮೇಜರ್‌ನ ಸ್ವರಗಳನ್ನೇ ಬಹುಪಾಲು ಹಂಚಿಕೊಂಡು ಬೇರೊಂದು ಆಧಾರಸ್ವರದ ಮೇಲೆ ನಿಲ್ಲುವ ಸಂಬಂಧಿ ಶ್ರೇಣಿಗೆ, ಹೊರಳುತ್ತದೆ. ಅಲ್ಲಿನ ನಿಲುಗಡೆಗೆ ಬೇಕಾದ ಎ ಶಾರ್ಪ್ ಡಿ ಟ್ರಂಪೆಟ್‌ಗೆ ಸರಿಯಾಗಿ ಒದಗದ ಕಾರಣ ಲೋಹವಾದ್ಯಗಳು ಸುಮ್ಮನಾಗಿ, ಪಿಟೀಲುಗಳ ಓಟ ಮುನ್ನೆಲೆಗೆ ಬರುತ್ತದೆ. ಅನಂತರ ಮೊದಲ ಭಾಗ ಮರಳುವಾಗ ಶ್ರೇಣಿ, ನಾದವರ್ಣ, ಗಾತ್ರ ಮೂರೂ ಒಮ್ಮೆಗೇ ಬದಲಾಗುತ್ತವೆ.

1717ರ ಜುಲೈ 17ರಂದು ದೊರೆ ಒಂದನೇ ಜಾರ್ಜ್ ವೈಟ್‌ಹಾಲ್‌ನಿಂದ ಚೆಲ್ಸಿಗೆ ಥೇಮ್ಸ್ ನದಿಯಲ್ಲಿ ಸಾಗಿದಾಗ, ಪಕ್ಕದ ದೋಣಿಯಲ್ಲಿದ್ದ ಸುಮಾರು 50 ವಾದಕರು ಹ್ಯಾಂಡೆಲ್‌ನ ಸಂಗೀತವನ್ನು ನುಡಿಸಿದರೆಂದೂ, ದೊರೆ ಅದನ್ನು ಮೂರು ಬಾರಿ ನುಡಿಸುವಂತೆ ಮಾಡಿದನೆಂದೂ ಅಂದಿನ ಪತ್ರಿಕೆ ವರದಿಮಾಡಿತು. ಗೋಡೆಗಳಿಲ್ಲದ ಬಯಲಿನಲ್ಲಿ ದೂರಕ್ಕೆ ಮುಟ್ಟುವ ಲೋಹನಾದಕ್ಕೂ ಕೂಡಲೇ ಗುರುತು ಹಿಡಿಯಬಹುದಾದ ಮರುನುಡಿಗೂ ಇದ್ದ ಬೆಲೆಯನ್ನು ಈ ಸಂದರ್ಭ ಸೂಚಿಸುತ್ತದೆ. ಆದರೆ ಸಂದರ್ಭವೊಂದೇ ರಚನೆಯನ್ನು ವಿವರಿಸಲಾರದು.

ಇಂದಿನ ಕವಾಟವುಳ್ಳ ಟ್ರಂಪೆಟ್ ಎಲ್ಲ ಸ್ವರಗಳನ್ನೂ ನುಡಿಸಬಲ್ಲುದರಿಂದ ಹಳೆಯ ಮಿತಿ ಕಿವಿಗೆ ಬೀಳದೆ, ಅದರ ಫಲ ಬರಿಯ ಅಲಂಕಾರವೆಂಬಂತೆ ತೋರುವ ಅಪಾಯವಿದೆ. ಆದ್ದರಿಂದ ಇಲ್ಲಿ ಮಂಡಿತವಾಗಲಿರುವ ಪ್ರಬಂಧಗಳು ಸ್ವರಲಿಪಿಯನ್ನು ಓದುವಾಗ ಅಂದಿನ ವಾದ್ಯದ ರಚನೆಯನ್ನೂ ನೃತ್ಯದ ನಡೆಯನ್ನೂ ಸಾಕ್ಷ್ಯವಾಗಿ ಸ್ವೀಕರಿಸಿ, ಸಂಯೋಜಕನ ಆಯ್ಕೆ ಎಲ್ಲಿ ಮುಗಿದು ವಾದ್ಯದ ಅನಿವಾರ್ಯತೆ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಪ್ರತಿ ಕೃತಿಯಲ್ಲೂ ಪ್ರತ್ಯೇಕವಾಗಿ ತೀರ್ಮಾನಿಸಬೇಕೆಂದು ಅಪೇಕ್ಷಿಸಲಾಗಿದೆ.